ಟ್ರೋಪಿ ತಂತ್ರಾಂಶ: ಕೆರೆ ಏರಿಯ ಕೆಳಗಿನ ಕಲ್ಲಿನಿಂದ ಮಕ್ಕಳ ವರದಿಯವರೆಗೆ

ಕೋಲಾರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು, ಕಳೆದ ಶೈಕ್ಷಣಿಕ ವರ್ಷದಲ್ಲಿ ಒಂಬತ್ತನೆಯ ತರಗತಿಯ ಆರು ಮಕ್ಕಳಿಂದ ‘ನಮ್ಮೂರ ಕೆರೆ’ ಎಂಬ ಇತಿಹಾಸದ ಯೋಜನಾ ಕಾರ್ಯವನ್ನು ಮಾಡಿಸಿದೆ. ಜುಲೈಯಲ್ಲಿ ಆರಂಭಿಸಿ ಫೆಬ್ರುವರಿಯಲ್ಲಿ ಮುಗಿಸಿದ ಆ ಕೆಲಸಕ್ಕೆ ನಾವು ಟ್ರೋಪಿ ಎಂಬ ಉಚಿತ ತಂತ್ರಾಂಶವನ್ನು ಬಳಸಿದೆವು. ಹಳೆಯ ಕಾಗದಪತ್ರಗಳಂಥ ಆಕರಗಳ ಫೋಟೊ ತೆಗೆದು ಇಟ್ಟುಕೊಂಡು ಅವುಗಳ ಮೇಲೆ ಕೆಲಸ ಮಾಡುವವರಿಗೆಂದೇ ರೂಪಿಸಿದ ಈ ತಂತ್ರಾಂಶ, ಪ್ರೌಢಶಾಲೆಯ ಮಕ್ಕಳ ಕೈಯಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ, ಎಲ್ಲಿ ಸಾಲದೆ ಹೋಗುತ್ತದೆ ಎಂಬುದನ್ನು ಇಂಥದೇ ಯೋಜನೆ ಹಮ್ಮಿಕೊಳ್ಳುವ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ.

ನನಗೆ ಇದರ ಅಗತ್ಯ ಕಂಡದ್ದು ಹಲವು ವರ್ಷಗಳ ಅನುಭವದಿಂದ. ಇತಿಹಾಸದ ಯೋಜನೆ ಎಂದರೆ ಥರ್ಮೋಕೋಲಿನ ಗುಡಿ, ಬಣ್ಣದ ಚಾರ್ಟು, ಸೈಬರ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಅಂಟಿಸಿದ ನಾಲ್ಕು ಚಿತ್ರ ಎಂಬಂತಾಗಿದೆ. ಚಾರ್ಟಿನ ಮೇಲಿನ ಒಂದು ವಾಕ್ಯವನ್ನು ತೋರಿಸಿ “ಇದು ನಿನಗೆ ಎಲ್ಲಿ ಸಿಕ್ಕಿತಪ್ಪಾ?” ಎಂದು ಕೇಳಿದರೆ “ನಮ್ಮಣ್ಣ ನೆಟ್‌ನಲ್ಲಿ ತೆಗೆದುಕೊಟ್ಟ, ಮೇಡಂ” ಎಂಬ ಉತ್ತರ ಬರುತ್ತದೆ. ಮಗುವನ್ನು ದೂರುವಂತಿಲ್ಲ, ಏಕೆಂದರೆ ನಾವು ಅಂಕ ಕೊಡುವುದು ಕೊನೆಗೆ ಎದುರಿಗೆ ಬಂದ ಚಾರ್ಟಿಗೇ ಹೊರತು ಅದರ ಹಿಂದಿನ ಹುಡುಕಾಟಕ್ಕಲ್ಲ. ಯಾವ ದಿನ ಎಲ್ಲಿಗೆ ಹೋದರು, ಏನು ನೋಡಿದರು, ಮೊದಲು ಏನೆಂದು ತಿಳಿದಿದ್ದರು, ಆಮೇಲೆ ಯಾವ ಆಧಾರದಿಂದ ಅಭಿಪ್ರಾಯ ಬದಲಿಸಿದರು ಎಂಬುದು ದಾಖಲಾಗದಿದ್ದರೆ ಅದಕ್ಕೆ ಅಂಕ ಕೊಡುವುದಾದರೂ ಹೇಗೆ? ಈ ದಾಖಲೆಗೆ ಒಂದು ನೆಲೆ ಬೇಕಾಗಿತ್ತು.

ಟ್ರೋಪಿಯನ್ನು ರೂಪಿಸಿದ್ದು ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ರಾಯ್ ರೋಸೆನ್ಜ್‌ವೈಗ್ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರ. ಸಂಶೋಧಕರು ಗ್ರಂಥಸೂಚಿಗಾಗಿ ಬಳಸುವ ಜೊಟೆರೊವನ್ನು 2006ರಲ್ಲಿ ಹೊರತಂದದ್ದೂ ಇದೇ ಕೇಂದ್ರ. ಟ್ರೋಪಿ ಬಂದದ್ದು 2017ರಲ್ಲಿ. ಪತ್ರಾಗಾರಗಳಲ್ಲಿ ಕ್ಯಾಮೆರಾ ಬಳಸಲು ಅನುಮತಿ ಸಿಕ್ಕ ಮೇಲೆ ಸಂಶೋಧಕರು ಸಾವಿರಗಟ್ಟಲೆ ಫೋಟೊ ತೆಗೆದುಕೊಂಡು ಬಂದು, ಮನೆಯಲ್ಲಿ ಯಾವುದು ಯಾವ ಕಡತದ್ದೆಂದು ತಿಳಿಯದೆ ಒದ್ದಾಡುತ್ತಿದ್ದರು. ಆ ತೊಂದರೆಗೆ ಪರಿಹಾರವಾಗಿ ಇದು ಹುಟ್ಟಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಒಮ್ಮೆ ಇಳಿಸಿಕೊಂಡ ಮೇಲೆ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡಬಹುದು. ಸಂಪರ್ಕ ಇದ್ದಷ್ಟೇ ಹೊತ್ತು ಇಲ್ಲದಿರುವ ನಮ್ಮಂಥ ಶಾಲೆಗೆ ಇದು ಸಣ್ಣ ಅನುಕೂಲವಲ್ಲ.

ಯೋಜನೆಗೆ ಕೆರೆಯನ್ನೇ ಆರಿಸಿಕೊಂಡದ್ದಕ್ಕೆ ಬೇರೆ ಕಾರಣ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಸೀಮೆಯಲ್ಲಿ ಊರು ಎಂದರೆ ಕೆರೆಯ ಹಿಂದಿನ ಊರು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಬರತೊಡಗುವ ಮುಂಚೆ ಕೆರೆ ಎಂದರೆ ಜಾಲಿ ಬೆಳೆದ ಬಯಲು ಎಂದೇ ತಿಳಿದಿದ್ದ ಮಕ್ಕಳು ಇವರು. ಅವರು ಮೊದಲು ಹಾಕಿಕೊಂಡ ಪ್ರಶ್ನೆ “ಈ ಕೆರೆಯನ್ನು ಕಟ್ಟಿಸಿದವರು ಯಾರು?” ಎಂಬುದು. ಊರಿನಲ್ಲಿ ಯಾರನ್ನು ಕೇಳಿದರೂ “ಪಾಳೆಯಗಾರರ ಕಾಲದ್ದು” ಎಂದರು. ಆರೂ ಮಕ್ಕಳು ಅದನ್ನೇ ಬರೆದುಕೊಂಡು ಬಂದರು. ಅದನ್ನೇ ನಾವು ಟ್ರೋಪಿಯ ಮೊದಲ ಟಿಪ್ಪಣಿಯಾಗಿ, ದಿನಾಂಕ ಸಮೇತ ಹಾಕಿದೆವು. ಮುಂದೆ ಅದು ತಪ್ಪೆಂದು ಗೊತ್ತಾದರೂ ಆ ಟಿಪ್ಪಣಿ ಇಂದಿಗೂ ಅಲ್ಲೇ ಇದೆ.

ಕೆರೆ ಏರಿಯ ಕೆಳಗೆ ಮಾರಮ್ಮನ ಗುಡಿಯ ಮುಂದೆ ಒಂದು ವೀರಗಲ್ಲು ಇದೆ. ದಕ್ಷಿಣಕ್ಕೆ ಮುಖ ಮಾಡಿ ನಿಂತಿರುವ ಆ ಕಲ್ಲಿಗೆ ಅರಿಶಿನ ಕುಂಕುಮ ಬಿದ್ದು ಬಿದ್ದು ಮೇಲಿನ ಸಾಲುಗಳು ಎಣ್ಣೆಗಟ್ಟಿವೆ. ನವೆಂಬರ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಅಲ್ಲಿದ್ದೆವು. ಬಿಸಿಲು ನೆತ್ತಿಗೆ ಬಂದಾಗ ಸವೆದ ಅಕ್ಷರಗಳು ಕಲ್ಲಿನಲ್ಲಿ ಕರಗಿಹೋದಂತೆ ಕಾಣುತ್ತವೆ. ಬೆಳಕು ಪಕ್ಕದಿಂದ ಸವರಿಕೊಂಡು ಬಂದರೆ ಒಂದೊಂದು ಗೀರಿನ ಒಳಗೂ ನೆರಳು ತುಂಬಿ ಅಕ್ಷರ ಎದ್ದುನಿಲ್ಲುತ್ತದೆ. ಸೀಮೆಸುಣ್ಣ, ವಿಭೂತಿ, ಮೈದಾಹಿಟ್ಟು ಯಾವುದನ್ನೂ ಕಲ್ಲಿಗೆ ಬಳಿಯಬಾರದೆಂದು ಮೊದಲೇ ಹೇಳಿದ್ದೆ. ಒಬ್ಬ ಹುಡುಗ ಮನೆಯಿಂದ ಊಟದ ಸ್ಟೀಲ್ ತಟ್ಟೆ ತಂದು, ಅದರಿಂದ ಬಿಸಿಲನ್ನು ಕಲ್ಲಿನ ಎಡ ಅಂಚಿಗೆ ತಿರುಗಿಸಿ ಹಿಡಿದ. ಒಬ್ಬಳು ಫೋನಿನಲ್ಲಿ ಸಾಲು ಸಾಲಾಗಿ ಫೋಟೊ ತೆಗೆದಳು. ಮತ್ತೊಬ್ಬಳು ಉದ್ದ ಪುಸ್ತಕದಲ್ಲಿ ಸಮಯ, ಕಲ್ಲಿನ ಎತ್ತರ, ಅಗಲ, ಸಾಲುಗಳ ಸಂಖ್ಯೆ ಬರೆದುಕೊಂಡಳು.

ಸೋಮವಾರ ಈ ಫೋಟೊಗಳನ್ನು ಟ್ರೋಪಿಗೆ ತುಂಬಿದಾಗ ಅದರ ಮೊದಲ ಗುಣ ಗೊತ್ತಾಯಿತು. ಸಾಮಾನ್ಯ ಫೋಲ್ಡರಿನಲ್ಲಿ 30 ಫೋಟೊ ಎಂದರೆ 30 ಫೋಟೊ. ಟ್ರೋಪಿಯಲ್ಲಿ ಅವೆಲ್ಲವನ್ನೂ ಆಯ್ದು ಒಟ್ಟುಗೂಡಿಸಿದರೆ ಒಂದು ‘ಐಟಂ’ ಆಗುತ್ತದೆ: ಒಂದು ಕಲ್ಲು, ಅದರೊಳಗೆ 30 ಫೋಟೊ. ಕಲ್ಲಿನ ವಿವರ ಕಲ್ಲಿಗೆ, ಫೋಟೊದ ವಿವರ ಫೋಟೊಗೆ. ಇದು ಸರಳವಾಗಿ ಕಾಣುತ್ತದೆ, ಆದರೆ ಮಕ್ಕಳಿಗೆ ಆಕರವೆಂದರೇನು, ಆಕರದ ಚಿತ್ರವೆಂದರೇನು ಎಂಬ ವ್ಯತ್ಯಾಸವನ್ನು ನಾನು ಯಾವ ಪಾಠದಲ್ಲೂ ಇಷ್ಟು ಸುಲಭವಾಗಿ ತಿಳಿಸಿರಲಿಲ್ಲ. ದಿನಾಂಕದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಕ್ಯಾಮೆರಾ ಫೋಟೊದೊಳಗೆ ಬರೆದಿಟ್ಟ ದಿನಾಂಕವನ್ನು ಟ್ರೋಪಿ ತಾನೇ ಓದಿಕೊಳ್ಳುತ್ತದೆ. ಒಬ್ಬ ಹುಡುಗ ಅದೇ ದಿನಾಂಕವನ್ನು ಶಾಸನದ ಕಾಲವೆಂದು ನಕಲು ಮಾಡಿಟ್ಟ. ಉಳಿದವರು ನಕ್ಕರು, ನಾನು ಅದನ್ನೇ ಹಿಡಿದುಕೊಂಡು ಒಂದು ಪೂರ್ತಿ ಪೀರಿಯಡ್ ತೆಗೆದುಕೊಂಡೆ. ಕಲ್ಲನ್ನು ಕಡೆದ ಕಾಲ, ಅದನ್ನು ಮೊದಲು ಯಾರೋ ಓದಿ ಪ್ರಕಟಿಸಿದ ವರ್ಷ, ನಾವು ಫೋಟೊ ತೆಗೆದ ದಿನ, ನಾವು ಅದನ್ನು ಓದಿದ ದಿನ ಎಂಬ ನಾಲ್ಕು ಬೇರೆ ಬೇರೆ ದಿನಾಂಕಗಳು ಒಂದೇ ಆಕರಕ್ಕೆ ಇರುತ್ತವೆ ಎಂಬುದು ಅಂದು ಅವರಿಗೆ ಮನದಟ್ಟಾಯಿತು.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಫೋಟೊಗಳನ್ನು ಮಕ್ಕಳು ಫೋನಿನ ಮೆಸೇಜ್ ಆ್ಯಪ್ ಮೂಲಕ ಕಳಿಸಿದ್ದರು. ಹಾಗೆ ಬಂದವುಗಳಲ್ಲಿ ದಿನಾಂಕವೂ ಉಳಿದಿರಲಿಲ್ಲ, ಚಿತ್ರವೂ ಕುಗ್ಗಿತ್ತು. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲವೇ ಕೇಬಲ್ ಹಾಕಿ ನೇರವಾಗಿ ಇಳಿಸಿಕೊಳ್ಳಬೇಕು.

ವಿವರ ತುಂಬಲು ಟ್ರೋಪಿಯಲ್ಲಿ ಸಿದ್ಧ ಟೆಂಪ್ಲೇಟ್‌ಗಳಿವೆ. ಅವು ಪತ್ರ, ಕಡತ, ಪೆಟ್ಟಿಗೆ ಸಂಖ್ಯೆ ಎಂಬ ಪತ್ರಾಗಾರದ ಲೋಕಕ್ಕೆ ಹೊಂದುತ್ತವೆಯೇ ಹೊರತು ಗುಡಿ ಮುಂದಿನ ಕಲ್ಲಿಗೆ ಹೊಂದುವುದಿಲ್ಲ. ಆದರೆ ನಮಗೆ ಬೇಕಾದ ಟೆಂಪ್ಲೇಟನ್ನು ನಾವೇ ಮಾಡಿಕೊಳ್ಳಬಹುದು, ಅಂಕಣಗಳ ಹೆಸರನ್ನು ಕನ್ನಡದಲ್ಲಿಯೇ ಕೊಡಬಹುದು. ಮಕ್ಕಳೊಂದಿಗೆ ಕೂತು ಎರಡು ದಿನ ಚರ್ಚಿಸಿ ನಾವು ಮಾಡಿಕೊಂಡ ಅಂಕಣಗಳಲ್ಲಿ ಕಲ್ಲು ಈಗ ಇರುವ ಜಾಗ, ಗ್ರಂಥದಲ್ಲಿ ಹೇಳಿದ ಜಾಗ, ಸಂಪುಟ-ತಾಲ್ಲೂಕು-ಸಂಖ್ಯೆ, ಶಕ ವರ್ಷ, ಓದಿದವರು, ಅನುಮಾನವಿರುವ ಅಕ್ಷರ ಎಂಬಿವು ಸೇರಿದವು. ಶಕ ವರ್ಷಕ್ಕೆ 78 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆಂದು ಗೊತ್ತಿದ್ದರೂ, ಕೂಡಿಸಿದ ಸಂಖ್ಯೆಯನ್ನು ಬೇರೆ ಅಂಕಣದಲ್ಲಿ ಇಡಬೇಕೆಂದು ತೀರ್ಮಾನಿಸಿದೆವು. ಕಲ್ಲು ಹೇಳಿದ್ದು ಒಂದು, ನಾವು ಲೆಕ್ಕ ಹಾಕಿದ್ದು ಇನ್ನೊಂದು. ಈ ಟೆಂಪ್ಲೇಟ್ ಚರ್ಚೆಯೇ ನಮ್ಮ ಯೋಜನೆಯ ಅತ್ಯುತ್ತಮ ತರಗತಿ ಎಂದು ನಾನು ಈಗಲೂ ತಿಳಿಯುತ್ತೇನೆ, ಏಕೆಂದರೆ ಯಾವ ಅಂಕಣ ಬೇಕು ಎಂದು ಕೇಳುವುದೆಂದರೆ ಈ ಕಲ್ಲಿನಿಂದ ನಮಗೇನು ತಿಳಿಯಬೇಕಾಗಿದೆ ಎಂದು ಕೇಳಿದಂತೆಯೇ.

ಗ್ರಂಥದಲ್ಲಿ ಹೇಳಿದ ಜಾಗ ಎಂಬ ಅಂಕಣ ಏಕೆ ಬೇಕಾಯಿತು ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಸೀಮೆಯ ಶಾಸನಗಳಿಗೆ ಎಲ್ಲರೂ ಮೊದಲು ತೆರೆಯುವುದು ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಗಳನ್ನು. ಕೋಲಾರ ಜಿಲ್ಲೆಯದು 10ನೆಯ ಸಂಪುಟ, ಪ್ರಕಟವಾದದ್ದು 1905ರಲ್ಲಿ. ತುಮಕೂರಿನವರಿಗೆ 12ನೆಯ ಸಂಪುಟ. ಶಾಸನದ ಮೂಲಪಾಠ ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಇದ್ದು, ಇಂಗ್ಲಿಷ್ ಅನುವಾದವೂ ಇದೆ. ಹಳೆಯ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಶಾಸನಗಳನ್ನು ತಾಲ್ಲೂಕಿನ ಪ್ರಕಾರ ಸಂಖ್ಯೆ ಕೊಟ್ಟು ಜೋಡಿಸಲಾಗಿದೆ. ಆದರೆ ಆ ತಾಲ್ಲೂಕುಗಳು 1905ರವು. ಬಂಗಾರಪೇಟೆಯನ್ನು ಅಲ್ಲಿ ಬೌರಿಂಗ್‌ಪೇಟೆ ಎಂದೇ ಹುಡುಕಬೇಕು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿಗಳೆಲ್ಲ ಕೋಲಾರದ ಸಂಪುಟದಲ್ಲಿಯೇ ಇವೆ, ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಇಂದು ಮಂಚೇನಹಳ್ಳಿ ತಾಲ್ಲೂಕಿನ ಕಲ್ಲನ್ನು ಹುಡುಕುವವರು ಗೌರಿಬಿದನೂರಿನ ಕೆಳಗೆ ನೋಡಬೇಕು. ಚಿಂತಾಮಣಿಯ ಶಾಲೆಯೊಂದರಲ್ಲಿ ಕಲಿಸುವ ನನ್ನ ಗೆಳತಿ ಇದೇ ಟೆಂಪ್ಲೇಟನ್ನು ತೆಗೆದುಕೊಂಡು ಹೋಗಿದ್ದಾಳೆ. ಅವಳ ಮಕ್ಕಳಿಗೆ ‘ಗ್ರಂಥದಲ್ಲಿ ಜಿಲ್ಲೆ’, ‘ಈಗ ಜಿಲ್ಲೆ’ ಎಂಬ ಎರಡು ಅಂಕಣಗಳು ಇಲ್ಲದೆ ಗತ್ಯಂತರವೇ ಇರಲಿಲ್ಲ.

ಇನ್ನು ಟ್ರೋಪಿ ನಮಗೆ ಅತ್ಯಂತ ಉಪಕಾರ ಮಾಡಿದ ಸಂದರ್ಭಕ್ಕೆ ಬರುತ್ತೇನೆ. ನಮ್ಮ ಕಲ್ಲಿನಲ್ಲಿ ತುರುಗಾಳಗದಲ್ಲಿ, ಎಂದರೆ ದನಗಳಿಗಾಗಿ ನಡೆದ ಹೋರಾಟದಲ್ಲಿ, ‘ಕಾದಿ ಸತ್ತ’ ವೀರನ ಮಾತು ಬಂದು, ಅವನ ಹೆಸರಿನಲ್ಲಿ ಕಲ್ನಾಡಾಗಿ, ಎಂದರೆ ಸತ್ತ ವೀರನಿಗಾಗಿ ಬಿಟ್ಟ ದತ್ತಿಯಾಗಿ, ಕೆರೆಯ ಕೆಳಗೆ ಇಷ್ಟು ಕಂಡುಗ ನೆಲ ಕೊಟ್ಟರು ಎಂದು ಕೊನೆಯ ಸಾಲುಗಳಲ್ಲಿ ಇದೆ. ಒಂದು ಕಂಡುಗವೆಂದರೆ ಧಾನ್ಯದ ಅಳತೆಯಲ್ಲಿ 20 ಕೊಳಗ. ಅಷ್ಟು ಬೀಜ ಬಿತ್ತುವ ನೆಲವೂ ಕಂಡುಗದ ನೆಲವೇ. ಎಷ್ಟು ಕಂಡುಗ ಎಂಬಲ್ಲಿ ಕಲ್ಲಿನ ಚಕ್ಕೆ ಎದ್ದುಹೋಗಿದೆ. ಸಂಖ್ಯೆಯ ಮೊದಲ ಅಕ್ಷರ ಮಾತ್ರ ಅರ್ಧ ಉಳಿದಿದೆ. ಅದು ‘ಇ’ ಆದರೆ ‘ಇರ್’, ಎಂದರೆ ಎರಡು ಕಂಡುಗ. ‘ಅ’ ಆದರೆ ‘ಅಯ್’, ಎಂದರೆ ಐದು ಕಂಡುಗ. ಬೆಳಗಿನ ಫೋಟೊ ನೋಡಿ ನಾಲ್ವರು ‘ಇ’ ಎಂದರು. ಇಬ್ಬರು ಒಪ್ಪಲಿಲ್ಲ.

ಟ್ರೋಪಿಯಲ್ಲಿ ಫೋಟೊವನ್ನು ತೆರೆದಾಗ ಅದರ ಬೆಳಕು, ಕಾಂಟ್ರಾಸ್ಟ್ ಹೆಚ್ಚು ಕಡಿಮೆ ಮಾಡಬಹುದು, ಕಪ್ಪನ್ನು ಬಿಳುಪಾಗಿ ಬಿಳುಪನ್ನು ಕಪ್ಪಾಗಿ ತಿರುಗಿಸಬಹುದು. ಮೂಲ ಫೋಟೊ ಮಾತ್ರ ಹಾಗೆಯೇ ಉಳಿಯುತ್ತದೆ. ಶಾಸನಶಾಸ್ತ್ರಜ್ಞರು ಕಾಗದ ಒತ್ತಿ ಮಸಿ ತಟ್ಟಿ ತೆಗೆಯುವ ಪಡಿಯಚ್ಚಿನಲ್ಲಿ ಅಕ್ಷರಗಳು ಕಪ್ಪಿನ ನಡುವೆ ಬಿಳಿಯಾಗಿ ಕಾಣುತ್ತವಲ್ಲ, ನಮ್ಮ ಲ್ಯಾಪ್‌ಟಾಪಿನ ಪರದೆಯ ಮೇಲೆ ಹೆಚ್ಚುಕಡಿಮೆ ಅದೇ ನೋಟ ಬಂತು. ಆ ಅರ್ಧ ಅಕ್ಷರದ ಸುತ್ತ ಮಾತ್ರ ಒಂದು ಚೌಕ ಎಳೆದು ಅದನ್ನು ‘ಸೆಲೆಕ್ಷನ್’ ಆಗಿ ಬೇರ್ಪಡಿಸಬಹುದು, ಆ ಚೌಕಕ್ಕೇ ಪ್ರತ್ಯೇಕ ಟಿಪ್ಪಣಿ ಬರೆಯಬಹುದು. ಒಪ್ಪದ ಇಬ್ಬರು ಹುಡುಗಿಯರು ಆ ವಾರ ಸಂಜೆ ಐದೂವರೆಗೆ ಮತ್ತೆ ಗುಡಿಗೆ ಹೋದರು. ಈ ಬಾರಿ ಬೆಳಕು ಪಶ್ಚಿಮದಿಂದ ಬರುತ್ತಿದ್ದ ಕಾರಣ ಬೆಳಿಗ್ಗೆ ನೆರಳಾಗಿದ್ದ ಬದಿ ತೆರೆದುಕೊಂಡಿತು. ಎರಡು ಫೋಟೊಗಳಿಂದ ಅದೇ ಅಕ್ಷರದ ಎರಡು ಚೌಕಗಳನ್ನು ಕತ್ತರಿಸಿ ಒಂದಾದ ಮೇಲೊಂದು ತೆರೆದು ನೋಡಿದಾಗ, ಬೆಳಿಗ್ಗೆ ‘ಇ’ಯ ಭಾಗವೆಂದುಕೊಂಡಿದ್ದದ್ದು ಕಲ್ಲಿನ ಬಿರುಕು ಎಂದು ಗೊತ್ತಾಯಿತು. ಆಮೇಲಷ್ಟೇ ನಾನು ಮುದ್ರಿತ ಪಾಠವನ್ನು ಅವರ ಮುಂದಿಟ್ಟೆ. ಅಲ್ಲಿಯೂ ಐದು ಕಂಡುಗ ಎಂದೇ ಇತ್ತು. ಗ್ರಂಥವನ್ನು ಮೊದಲೇ ತೋರಿಸಿದ್ದರೆ ಆರೂ ಮಂದಿಗೆ ಮೊದಲ ನೋಟಕ್ಕೇ ‘ಅ’ ಕಾಣುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಈ ಘಟನೆಯ ನಂತರ ನಾವು ಒಂದು ನಿಯಮ ಮಾಡಿಕೊಂಡೆವು, ಏಕೆಂದರೆ ಟ್ರೋಪಿಯ ಮುಖ್ಯ ಕೊರತೆ ಇಲ್ಲಿಯೇ ಇದೆ. ಒಂದು ಟಿಪ್ಪಣಿಯನ್ನು ತಿದ್ದಿದರೆ ಹಳೆಯ ಪಾಠ ಹೋಗಿಬಿಡುತ್ತದೆ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಚರಿತ್ರೆಯನ್ನು ಅದು ಬಳಕೆದಾರರ ಮುಂದೆ ಇಡುವುದಿಲ್ಲ. ಹುಡುಕಾಟದ ಹಾದಿಯನ್ನು ದಾಖಲಿಸಬೇಕಾದ ನಮಗೆ ಇದು ಗಂಭೀರ ವಿಷಯ. ಆದರೆ ಒಂದು ಫೋಟೊಗೆ ಎಷ್ಟು ಬೇಕಾದರೂ ಟಿಪ್ಪಣಿ ಸೇರಿಸಬಹುದು. ಆದ್ದರಿಂದ ಯಾರೂ ಹಳೆಯ ಟಿಪ್ಪಣಿಯನ್ನು ಅಳಿಸಬಾರದು, ಅಭಿಪ್ರಾಯ ಬದಲಾದರೆ ದಿನಾಂಕ ಮತ್ತು ಹೆಸರಿನ ಮೊದಲಕ್ಷರ ಹಾಕಿ ಹೊಸ ಟಿಪ್ಪಣಿ ಬರೆಯಬೇಕು, ಕಾರಣವನ್ನು ಒಂದು ಪೂರ್ತಿ ವಾಕ್ಯದಲ್ಲಿ ಹೇಳಬೇಕು ಎಂದು ತೀರ್ಮಾನವಾಯಿತು. ಆ ‘ಅ’ ಅಕ್ಷರದ ಚೌಕಗಳಿಗೆ ಈಗ ಏಳು ಟಿಪ್ಪಣಿಗಳಿವೆ. ಅವುಗಳನ್ನು ಕ್ರಮವಾಗಿ ಓದಿದರೆ ಒಂದು ವಾರದ ವಾದವೆಲ್ಲ ಕಿವಿಗೆ ಕೇಳಿಸುತ್ತದೆ.

ಕೆರೆಯ ಕೆಳಗಿನ ನೆಲವನ್ನು ವೀರನ ಹೆಸರಿನಲ್ಲಿ ಕೊಟ್ಟರು ಎಂದರೆ ಆ ಹೊತ್ತಿಗಾಗಲೇ ಕೆರೆ ಇತ್ತು. ಹಾಗಾದರೆ ‘ಪಾಳೆಯಗಾರರ ಕಾಲದ್ದು’ ಎಂಬ ಮಾತು ನಿಲ್ಲುವುದಿಲ್ಲ, ಲಿಪಿಯ ಸ್ವರೂಪ ಅದಕ್ಕಿಂತ ನೂರಾರು ವರ್ಷ ಹಿಂದಿನದು. ಆದರೆ ಕಟ್ಟಿಸಿದವರು ಯಾರು ಎಂಬುದನ್ನು ಕಲ್ಲು ಹೇಳುವುದಿಲ್ಲ. ಡಿಸೆಂಬರ್ ಹೊತ್ತಿಗೆ ಮಕ್ಕಳ ಪ್ರಶ್ನೆ ತಾನಾಗಿಯೇ ಬದಲಾಗಿ “ಈ ಕೆರೆಯ ನೀರನ್ನು ನೋಡಿಕೊಂಡವರು ಯಾರು?” ಎಂದಾಯಿತು. ಪ್ರಶ್ನೆ ಹೀಗೆ ಬದಲಾದದ್ದನ್ನು ಎಲ್ಲಿ ಬರೆಯುವುದು? ಟ್ರೋಪಿಯಲ್ಲಿ ಟಿಪ್ಪಣಿ ಯಾವುದಾದರೊಂದು ಫೋಟೊಗೆ ಅಂಟಿಕೊಂಡೇ ಇರಬೇಕು. ಇಡೀ ಯೋಜನೆಗೆ ಸೇರಿದ ಯೋಚನೆಗೆ ಅಲ್ಲಿ ಬೇರೆ ಜಾಗವಿಲ್ಲ. ಅದಕ್ಕಾಗಿ ನಾವು ಇನ್ನೂರು ಪುಟದ ಒಂದು ಉದ್ದ ಪುಸ್ತಕವನ್ನು ಇಟ್ಟುಕೊಂಡೆವು, ಅದರ ಪುಟಗಳನ್ನು ತಿಂಗಳಿಗೊಮ್ಮೆ ಫೋಟೊ ತೆಗೆದು ಟ್ರೋಪಿಗೆ ಸೇರಿಸಿದೆವು. ಕೆಲಸ ಎರಡಾಯಿತು ಎನ್ನಿಸಿದರೂ, ಈ ಪುಸ್ತಕವಿಲ್ಲದೆ ಟ್ರೋಪಿಯೊಂದೇ ಸಾಕಾಗುತ್ತಿರಲಿಲ್ಲ.

ಹೊಸ ಪ್ರಶ್ನೆ ನಮ್ಮನ್ನು ನೀರುಗಂಟಿ ಮನೆತನದ ತಾತನ ಬಳಿಗೆ ಕರೆದೊಯ್ಯಿತು. ಕೆರೆ ತುಂಬಿದಾಗ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿಯಂತೆ ಬಿಡುತ್ತಿದ್ದವರು ಇವರ ಹಿರಿಯರು. ಕೊಳವೆಬಾವಿಗಳು ಬಂದು ಕೆರೆ ಒಣಗಿದ ಮೇಲೆ ಆ ಕೆಲಸವೇ ನಿಂತುಹೋಯಿತು. ತಾತ ಮಾತಾಡಿದ್ದು ಹೆಚ್ಚಾಗಿ ತೆಲುಗಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ನಮ್ಮ ಮಕ್ಕಳಿಗೆ ಸಹಜವಾದ್ದರಿಂದ ಅವರಿಗೆ ತೊಡಕಾಗಲಿಲ್ಲ. ತೊಡಕಾದದ್ದು ಬರೆಯುವಾಗ. ತಾತ ‘ತೂಮು’ ಎಂದದ್ದನ್ನು ಒಬ್ಬಳು ‘ತೂಬು’ ಎಂದು ಬರೆದಳು, ಒಬ್ಬ ‘ತೂಮು’ ಎಂದೇ ಬರೆದ. ಆಡಿದ ಮಾತನ್ನು ಆಡಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದು ಅದರ ಕೆಳಗೆ ಕನ್ನಡ ಅರ್ಥ ಕೊಡಬೇಕೆಂದು ನಿರ್ಧರಿಸಿದೆವು. ಟ್ರೋಪಿ ಚಿತ್ರಗಳಿಗಾಗಿ ಮಾಡಿದ ತಂತ್ರಾಂಶ; ಧ್ವನಿಮುದ್ರಣವನ್ನು ಅದರೊಳಗೆ ಇಡಲು ಬರುವುದಿಲ್ಲ. ತಾತನ ಮಾತಿನ ಕಡತಗಳು ಬೇರೆ ಫೋಲ್ಡರಿನಲ್ಲಿಯೇ ಇವೆ, ಮಕ್ಕಳು ಕೈಯಲ್ಲಿ ಬರೆದ ಸಂದರ್ಶನದ ಪುಟಗಳ ಫೋಟೊ ಮಾತ್ರ ಟ್ರೋಪಿಯಲ್ಲಿದೆ. ಬಾಯಿಮಾತಿನ ಇತಿಹಾಸವೇ ಮುಖ್ಯವಾಗಿರುವ ಯೋಜನೆಗೆ ಇದನ್ನು ನಾನು ಸೂಚಿಸಲಾರೆ.

ಆದರೂ ಎರಡು ಬಗೆಯ ಆಕರಗಳು ಒಂದನ್ನೊಂದು ಮುಟ್ಟಿದ ಒಂದು ಗಳಿಗೆಯನ್ನು ಹೇಳದೆ ಇರಲಾರೆ. ಗ್ರಂಥದಲ್ಲಿ ಈ ಕಲ್ಲು ತೂಬಿನ ಹತ್ತಿರ ಇದೆ ಎಂದಿತ್ತು, ನಾವು ನೋಡಿದ್ದು ಗುಡಿಯ ಮುಂದೆ. ಇದು ಬೇರೆ ಕಲ್ಲೇ ಇರಬೇಕೆಂದು ಮಕ್ಕಳು ಅನುಮಾನಿಸಿ ಕೆಂಪು ಬಣ್ಣದ ಟ್ಯಾಗ್ ಹಾಕಿ ಬಿಟ್ಟಿದ್ದರು. ಸಂದರ್ಶನ ಮುಗಿಸಿ ಏಳುವಾಗ ಒಬ್ಬ ಹುಡುಗಿ “ತಾತಾ, ಮಾರಮ್ಮನ ಮುಂದಿನ ಕಲ್ಲು ಮೊದಲಿಂದ ಅಲ್ಲೇ ಇತ್ತಾ?” ಎಂದು ಕೇಳಿದಳು. “ಎಲ್ಲಮ್ಮಾ, ತೂಮು ರಿಪೇರಿ ಮಾಡೋವಾಗ ನಮ್ಮಪ್ಪನೋರೇ ಎತ್ತಿನ ಗಾಡೀಲಿ ತಂದು ನಿಲ್ಲಿಸಿದ್ದು” ಎಂದರು. ಅಂದು ಸಂಜೆಯೇ ಕೆಂಪು ಟ್ಯಾಗ್ ಹೋಯಿತು. ಸಂದರ್ಶನದ ಆ ಪುಟವನ್ನು ಕಲ್ಲಿನ ಫೋಟೊಗಳಿದ್ದ ‘ಲಿಸ್ಟ್’ಗೇ ಸೇರಿಸಿ, ‘ಜಾಗ ಬದಲಾಗಿದೆ’ ಎಂಬ ಹೊಸ ಟ್ಯಾಗ್ ಮಾಡಿದರು.

ಹುಡುಕುವ ಸೌಲಭ್ಯದ ಬಗ್ಗೆ ಕನ್ನಡಿಗರು ತಿಳಿದಿರಬೇಕಾದ ಎರಡು ಮಾತುಗಳಿವೆ. ಟ್ರೋಪಿ ಯೂನಿಕೋಡ್ ಕನ್ನಡವನ್ನು ಚೆನ್ನಾಗಿ ತೋರಿಸುತ್ತದೆ, ಟಿಪ್ಪಣಿಗಳೊಳಗೂ ಹುಡುಕುತ್ತದೆ. ಆದರೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತದಿಂದ ನಕಲು ಮಾಡಿ ಹಾಕಿದರೆ ಅರ್ಥವಿಲ್ಲದ ಗುರುತುಗಳು ಬಂದು ಕೂರುತ್ತವೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಎರಡನೆಯದು ಹಳಗನ್ನಡದ ಅಕ್ಷರಗಳದು. ಶಾಸನದಲ್ಲಿ ‘ತುಱು’ ಎಂದು ಶಕಟರೇಫ ಇರುತ್ತದೆ, ‘ಕೆೞಗೆ’ ಎಂದು ರಳ ಇರುತ್ತದೆ. ಈ ಎರಡು ಅಕ್ಷರಗಳೂ ಯೂನಿಕೋಡಿನಲ್ಲಿವೆ, ಮಕ್ಕಳು ಮೂಲದಲ್ಲಿದ್ದಂತೆಯೇ ಶ್ರದ್ಧೆಯಿಂದ ಟೈಪ್ ಮಾಡಿದರು. ಆಮೇಲೆ ‘ತುರು’ ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಮೂಲಪಾಠವನ್ನು ಬದಲಿಸುವಂತಿಲ್ಲ. ಹಾಗಾಗಿ ಪ್ರತಿ ಶಾಸನಕ್ಕೂ ಈಗಿನ ಬರವಣಿಗೆಯಲ್ಲಿ ಮುಖ್ಯ ಪದಗಳ ಒಂದು ಟಿಪ್ಪಣಿಯನ್ನು ಪ್ರತ್ಯೇಕವಾಗಿ ಸೇರಿಸಿದೆವು.

ಜನವರಿಯಲ್ಲಿ ನಮ್ಮಿಂದಲೇ ಒಂದು ತಪ್ಪಾಯಿತು. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ನಾನು ಫೋಟೊಗಳ ಫೋಲ್ಡರನ್ನು ಪೆನ್‌ಡ್ರೈವಿಗೆ ವರ್ಗಾಯಿಸಿದೆ. ಮರುದಿನ ಟ್ರೋಪಿ ತೆರೆದರೆ ಮೂಲ ಫೋಟೊಗಳು ಸಿಗುತ್ತಿಲ್ಲವೆಂಬ ಗುರುತು ಬಂತು. ಹೊಸ ಯೋಜನೆ ಆರಂಭಿಸುವಾಗ ಟ್ರೋಪಿ ಎರಡು ಬಗೆಗಳನ್ನು ಮುಂದಿಡುತ್ತದೆ: ಫೋಟೊಗಳ ಪ್ರತಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಸ್ಟ್ಯಾಂಡರ್ಡ್ ಬಗೆ, ಅವು ಇರುವ ಜಾಗದ ವಿಳಾಸವನ್ನಷ್ಟೇ ನೆನಪಿಟ್ಟುಕೊಳ್ಳುವ ಅಡ್ವಾನ್ಸ್ಡ್ ಬಗೆ. ನಾನು ಓದದೆ ಎರಡನೆಯದನ್ನು ಆರಿಸಿದ್ದೆ. ಟಿಪ್ಪಣಿಗಳೆಲ್ಲ ಭದ್ರವಾಗಿದ್ದವು; ಫೋಟೊಗಳ ಹೊಸ ಜಾಗವನ್ನು ತೋರಿಸಿ ಮತ್ತೆ ಜೋಡಿಸಿಕೊಂಡೆವು. ಶಾಲೆಗಳಲ್ಲಿ ಬಳಸುವವರು ಕಣ್ಣುಮುಚ್ಚಿ ಸ್ಟ್ಯಾಂಡರ್ಡ್ ಬಗೆಯನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಜಾಗ ಹೆಚ್ಚು ಹಿಡಿದರೂ ಒಂದೇ ಗಂಟಾಗಿ ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಡಬಹುದು.

ಉಳಿದ ಮಿತಿಗಳನ್ನು ಬೇಗ ಹೇಳಿಬಿಡುತ್ತೇನೆ. ಫೋನಿನಲ್ಲಿ ನಡೆಯುವುದಿಲ್ಲ, ಕಂಪ್ಯೂಟರ್ ಬೇಕೇ ಬೇಕು. ಒಂದೇ ಯೋಜನೆಯನ್ನು ಇಬ್ಬರು ಏಕಕಾಲಕ್ಕೆ ತೆರೆದು ಕೆಲಸ ಮಾಡುವಂತಿಲ್ಲ. ಆರು ಮಕ್ಕಳಿಗೆ ಒಂದು ಲ್ಯಾಪ್‌ಟಾಪ್ ಎಂದಾಗ ಸರದಿ ಹಾಕಬೇಕಾಯಿತು. ನಾವು ಬಳಸಿದ ಪರದೆಯ ಆದೇಶಗಳೆಲ್ಲ ಇಂಗ್ಲಿಷಿನಲ್ಲಿದ್ದು, ಕನ್ನಡ ಮಾಧ್ಯಮದ ಮಕ್ಕಳು ಮೊದಲ ಎರಡು ವಾರ ನನ್ನ ಮುಖ ನೋಡುತ್ತಿದ್ದರು. ಆಮೇಲೆ ನಾನು ಅವರ ಮುಖ ನೋಡುವಂತಾಯಿತು, ಅಷ್ಟು ವೇಗವಾಗಿ ಕಲಿತರು.

ಫೋನಿನ ಗ್ಯಾಲರಿ ಮತ್ತು ಗೂಗಲ್ ಡ್ರೈವಿನ ಫೋಲ್ಡರುಗಳಿಂದಲೇ ಈ ಕೆಲಸ ಆಗದೇ ಎಂದು ಸಹೋದ್ಯೋಗಿಗಳು ಕೇಳಿದರು. ಹತ್ತಿಪ್ಪತ್ತು ಫೋಟೊಗಳ ಚಿಕ್ಕ ಯೋಜನೆಗೆ ಖಂಡಿತ ಆಗುತ್ತದೆ, ಅದಕ್ಕೆ ಟ್ರೋಪಿ ಕಲಿಯುವ ಶ್ರಮ ಬೇಡ. ನಮ್ಮಲ್ಲಿ 212 ಫೋಟೊಗಳು ಸೇರಿ 41 ಐಟಂಗಳಾದವು. ಗ್ರಾಮ ನಕ್ಷೆ, ಗ್ರಂಥದ ಪುಟಗಳು, ತೂಬಿನ ಕಲ್ಲುಗಳು, ಸಂದರ್ಶನದ ಹಾಳೆಗಳು ಎಲ್ಲವೂ ಅದರಲ್ಲಿವೆ. ಫೋಲ್ಡರಿನಲ್ಲಿ ಒಂದು ಫೋಟೊ ಒಂದೇ ಕಡೆ ಇರುತ್ತದೆ. ಇಲ್ಲಿ ಅದೇ ಕಲ್ಲನ್ನು ‘ತೂಬು’, ‘ದಾನ’, ‘ಜಾಗ ಬದಲಾಗಿದೆ’ ಎಂಬ ಮೂರು ಟ್ಯಾಗ್‌ಗಳ ಕೆಳಗೂ ಕಾಣಬಹುದು. ಪುಸ್ತಕಗಳನ್ನೇ ಹೆಚ್ಚಾಗಿ ಬಳಸುವ ಪದವಿ ವಿದ್ಯಾರ್ಥಿಗಳಿಗೆ ಮಾತ್ರ ಜೊಟೆರೊ ಹೆಚ್ಚು ಉಪಯುಕ್ತ.

ಅಂಕ ಕೊಡುವ ವಿಷಯದಲ್ಲಿ ಇದು ನನ್ನ ರೂಢಿಯನ್ನೇ ಬದಲಿಸಿತು. ಟ್ರೋಪಿಯಲ್ಲಿ ಆಯ್ದ ಐಟಂಗಳನ್ನು ಫೋಟೊ, ವಿವರ, ಟಿಪ್ಪಣಿಗಳ ಸಮೇತ ಪ್ರಿಂಟ್ ಮಾಡಬಹುದು, ಪಿಡಿಎಫ್ ಆಗಿಯೂ ಉಳಿಸಬಹುದು. ನಾನು ಪ್ರತಿ ಮಗುವಿನ ಮೊದಲಕ್ಷರವನ್ನು ಹುಡುಕಿ ಅವರವರ ಟಿಪ್ಪಣಿಗಳನ್ನು ಓದಿದೆ. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ 23 ಟಿಪ್ಪಣಿ ಬರೆದಿದ್ದ. ಅದರಲ್ಲಿ ಒಂದು ಹೀಗಿತ್ತು: “ನಾನು ನಿನ್ನೆ ಎರಡು ಕಂಡುಗ ಎಂದೆ. ಅದು ಬಿರುಕು. ಸಂಜೆ ಫೋಟೊದಲ್ಲಿ ಗೆರೆ ಕಲ್ಲಿನ ಅಂಚಿನವರೆಗೆ ಹೋಗಿದೆ, ಅಕ್ಷರವಾಗಿದ್ದರೆ ಹೋಗುತ್ತಿರಲಿಲ್ಲ.” ಚಾರ್ಟಿನಲ್ಲಿ ಈ ಮೂರು ವಾಕ್ಯಗಳಿಗೆ ಜಾಗವಿರುತ್ತಿರಲಿಲ್ಲ. ಇವಕ್ಕೇ ನಾನು ಪೂರ್ಣ ಅಂಕ ಕೊಟ್ಟೆ.

ಫೆಬ್ರುವರಿಯಲ್ಲಿ ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದ ಎರಡು ಪ್ರತಿಗಳಲ್ಲಿ ಒಂದು ಶಾಲೆಯ ಗ್ರಂಥಾಲಯದಲ್ಲಿದೆ. ಇನ್ನೊಂದನ್ನು ಮಕ್ಕಳು ತಾತನ ಮನೆಗೆ ಕೊಂಡುಹೋದರು. ಅವರ ಮೊಮ್ಮಗ ಗಟ್ಟಿಯಾಗಿ ಓದಿ ಹೇಳುತ್ತಿದ್ದಾಗ, ನೀರಿನ ಸರದಿಯ ಬಗ್ಗೆ ಬರೆದಿದ್ದ ಒಂದು ಕಡೆ ತಾತ ತಡೆದರು. ಮೊದಲು ನೀರು ಬಿಡುತ್ತಿದ್ದದ್ದು ಕೆರೆಯ ಹತ್ತಿರದ ಗದ್ದೆಗೆ ಎಂದು ಮಕ್ಕಳು ಬರೆದಿದ್ದರು. ಕಡೆಯ ಗದ್ದೆಗೆ ಮೊದಲು, ಆಮೇಲೆ ಹಿಂದಕ್ಕೆ ಬರುತ್ತಿದ್ದೆವು ಎಂದು ತಾತ ಹೇಳಿದರು. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೂ ಮೊದಲು ಇಬ್ಬರು ಬಂದು ಲ್ಯಾಪ್‌ಟಾಪ್ ಕೇಳಿದರು. ಸಂದರ್ಶನದ ಮೂರನೆಯ ಪುಟದ ಫೋಟೊಗೆ ಈಗ ಎರಡು ಟಿಪ್ಪಣಿಗಳಿವೆ, ಎರಡಕ್ಕೂ ದಿನಾಂಕವಿದೆ.